ನಮ್ಮ ಬಾರಿನಲ್ಲಿ ಏನು ಸರಿಯಿಲ್ಲ

ಗಲ್ಲಾದಲ್ಲಿ ಹೆಂಗಸು ಕೂತಿದ್ದರೆ ಕುಡಿಯೋಕೆ ಬಂದ ಗಂಡಸಿಗೆ ಕಣ್ಣು ಎಲ್ಲಿಡಬೇಕು ಅಂತ ತಿಳಿಯೋದಿಲ್ಲ. ಮೊದಲು ಫ್ಯಾನು ನೋಡುತ್ತಾನೆ, ಆಮೇಲೆ ಟೀವಿ, ಆಮೇಲೆ ತನ್ನ ಚಪ್ಪಲಿ. ನನ್ನನ್ನು ಮಾತ್ರ ನೋಡೋದಿಲ್ಲ. ನಾನೇನು ಹುಲಿಯಾ? ಜಾವಗಲ್ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನಮ್ಮ ಬಾರು. ಶುರು ಮಾಡಿದ್ದು ನನ್ನ ಯಜಮಾನರು. ಅವರು ಎದೆನೋವು ಅಂತ ಹಾಸನಕ್ಕೆ ಹೋದವರು ನಡೆದುಕೊಂಡು ವಾಪಸ್ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ನಾನೇ ಹೋಗಿ ಅವರ ಕುರ್ಚಿಯಲ್ಲಿ ಕೂತೆ.

ದುಡ್ಡಿಗೋಸ್ಕರ ಕೂತಳು ಅಂತ ನೆಂಟರು ಆಡಿಕೊಂಡರು. ತೋಟ ಇತ್ತು, ಕಾಯಿ ಬರುತ್ತಿತ್ತು, ಒಬ್ಬಳ ಹೊಟ್ಟೆಗೆ ಎಷ್ಟು ಬೇಕು? ನಿಜ ಏನೆಂದರೆ ನನಗೆ ಮನೆಯಲ್ಲಿ ಇರೋಕೆ ಆಗುತ್ತಿರಲಿಲ್ಲ. ಮಗಳನ್ನು ಬೇಲೂರಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ನಾನೊಬ್ಬಳೇ. ಕೂತರೆ ಏಳಬೇಕು ಅನ್ನಿಸೋದು, ಎದ್ದರೆ ಯಾಕೆ ಎದ್ದೆ ಅಂತ ಮರೆತುಹೋಗೋದು. ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತಿದ್ದೆ. ಕುಕ್ಕರ್ ಕೂಗಿದರೆ ಬೆಚ್ಚಿ ಬೀಳುತ್ತಿದ್ದೆ. ಮೊದಲಿಂದ ನಾನು ಬಾಯಿ ಇರೋಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಯಜಮಾನರು ಹಣೆ ಮುಟ್ಟಿ ಜ್ವರ ಬಂದಿದೆಯಾ ಅಂತ ನೋಡುತ್ತಿದ್ದರು. ಅಂಥವಳು ದಿನವಿಡೀ ಗೋಡೆ ನೋಡಿಕೊಂಡು ಕೂರೋದು ಹೇಗೆ? ಬಾರಿನಲ್ಲಾದರೆ ನಾಲ್ಕು ಜನ ಬರುತ್ತಾರೆ, ನಾಲ್ಕು ಮಾತು ಬರುತ್ತವೆ. ಅಷ್ಟಕ್ಕೇ ಹೋಗಿ ಕೂತಿದ್ದು.

ನಾನು ಕೂತ ಮೇಲೆ ಜನ ಕಮ್ಮಿಯಾದರು. ಕೊಬ್ಬರಿ ವ್ಯಾಪಾರ ಮಾಡುವ ನನ್ನ ಮೈದುನ ಒಂದು ದಿನ ಬಂದು ನಿಂತುಕೊಂಡೇ ಮಾತಾಡಿದ. "ಅತ್ತಿಗೆ, ಇದು ನಿಮಗಲ್ಲ. ನೀವು ಮನೇಲಿರಿ. ನಾನು ಕೂರ್ತೀನಿ." ನನಗೆ ಮೈ ಉರಿಯಿತು. "ಯುಗಾದಿವರೆಗೆ ಸುಮ್ನಿರಪ್ಪ. ನಿಮ್ಮಣ್ಣ ಇದ್ದಾಗ ಬರ್ತಿದ್ದಷ್ಟು ಜನ ಅಷ್ಟರೊಳಗೆ ಬರದಿದ್ರೆ ಬೀಗದ ಕೈ ನಿನ್ನ ಕೈಗೆ ಕೊಡ್ತೀನಿ" ಅಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು. ಅವನು "ಆಯ್ತು" ಅಂತ ಹೋದ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಕುರ್ಚಿ ಹೋದರೆ ಮತ್ತೆ ಆ ಮನೆ, ಆ ಗೋಡೆ.

ಮಾರನೇ ದಿನದಿಂದ ಬಂದವರನ್ನೆಲ್ಲ ಹಿಡಿದು ಕೇಳೋಕೆ ಶುರು ಮಾಡಿದೆ. ನಮ್ಮ ಬಾರಿನಲ್ಲಿ ಏನು ಸರಿಯಿಲ್ಲ, ಹೇಳಿ, ಸರಿ ಮಾಡಿಸ್ತೀನಿ. ಮೊದಲು ತಲೆ ಕೆರೆದುಕೊಂಡರು. ಆಮೇಲೆ ಒಬ್ಬ ಟೀವಿ ಸೌಂಡು ಜಾಸ್ತಿ ಅಂದ. ಕಮ್ಮಿ ಮಾಡಿಸಿದೆ. ಟ್ಯೂಬ್‌ಲೈಟು ಆಸ್ಪತ್ರೆ ಥರ ಐತೆ ಅಕ್ಕ, ಮುಖದ ಸುಕ್ಕೆಲ್ಲ ಕಾಣ್ತದೆ ಅಂದ ಇನ್ನೊಬ್ಬ. ಹಳದಿ ಬಲ್ಬು ಹಾಕಿಸಿದೆ. ಸೋಡಾ ತಣ್ಣಗಿರಲ್ಲ, ಕಡ್ಲೆಬೀಜ ಮೆತ್ತಗಿರುತ್ತೆ, ಕುರ್ಚಿ ಕಾಲು ಅಲ್ಲಾಡುತ್ತೆ, ಸಪ್ಲೈಯರು ಕರೆದರೆ ಕೇಳಿಸಿಕೊಳ್ಳಲ್ಲ. ನಮ್ಮ ಸಪ್ಲೈಯರು ಬಾರು ಶುರುವಾದ ದಿನದಿಂದ ಇರೋನು, ಬೇಕಾದಾಗ ಮಾತ್ರ ಕಿವಿ ಕೇಳುತ್ತೆ ಅವನಿಗೆ. ಅವನಿಗೂ ಬೈದೆ. ಕೊನೆಗೆ ಹಿಂದುಗಡೆಯ ಪಾಯಿಖಾನೆ. ಅದರ ವಿಷಯ ಏನು ಹೇಳಲಿ. ಮೂಗಿಗೆ ಸೆರಗು ಹಿಡಿದುಕೊಂಡು ನಾನೇ ಎದುರು ನಿಂತು ತೊಳೆಸಿದೆ, ಹೊಸ ನಲ್ಲಿ ಹಾಕಿಸಿದೆ, ಬಾಗಿಲಿಗೆ ಚಿಲಕ ಹಾಕಿಸಿದೆ. ಅರಸೀಕೆರೆಯಿಂದ ಬೇಲೂರಿನವರೆಗೆ ಹುಡುಕಿದರೂ ಅಷ್ಟು ಕ್ಲೀನಾದ ಪಾಯಿಖಾನೆ ಇರೋ ಬಾರು ಸಿಗಲ್ಲ ಅಂತ ಎದೆ ತಟ್ಟಿ ಹೇಳುತ್ತೇನೆ.

ಇದೆಲ್ಲ ಅವರು ಕೇಳಿದ್ದು. ಅವರು ಕೇಳದೇ ಇದ್ದ ಒಂದನ್ನು ನನ್ನ ಕಡೆಯಿಂದ ಸೇರಿಸಿದೆ. ಬಂದವರನ್ನು ಚೆನ್ನಾಗಿ ಮಾತಾಡಿಸೋದು. ನಮ್ಮ ಕಡೆ ಹೊಸಿಲು ದಾಟಿ ಬಂದವರನ್ನು ಮಾತಾಡಿಸದೆ ಇರುತ್ತಾರಾ? ಹಾಗೆ ಸುಮ್ಮನಿದ್ದರೆ ಎಷ್ಟು ಕೊಬ್ಬು ನೋಡು ಅವಳಿಗೆ ಅನ್ನೋದಿಲ್ವಾ? ಹಂಗಾಗಿ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದೆ. ಬನ್ನಿ, ಕೂತ್ಕೊಳ್ಳಿ. ಮನೇಲಿ ಎಲ್ಲಾ ಚೆನ್ನಾಗಿದಾರಾ? ಅಮ್ಮನ ಮಂಡಿನೋವು ಹೇಗಿದೆ? ಮಗಳಿಗೆ ಎಲ್ಲಾದರೂ ಗಂಡು ಕೂಡಿಬಂತಾ? ಅವರು "ಹೂಂ, ಚೆನ್ನಾಗವ್ರೆ" ಅಂತ ಗೊಣಗಿ, ಬೇಗ ಬೇಗ ಮುಗಿಸಿ ಹೊರಟುಬಿಡೋರು. ಮಾರನೇ ದಿನ ಬರುತ್ತಿರಲಿಲ್ಲ. ಸಂಜೆಯಾದರೆ ನಮ್ಮ ಬಾಗಿಲ ಮುಂದೆಯೇ ಬೈಕುಗಳು ಹಳೇಬೀಡಿನ ಕಡೆ ಹೋಗುತ್ತಿದ್ದವು. ಅಲ್ಲೇನು ಪಾಯಿಖಾನೆಗೆ ಚಿನ್ನದ ನಲ್ಲಿ ಹಾಕಿಸಿದ್ದಾರಾ ಅಂತ ಸಪ್ಲೈಯರ ಮೇಲೆ ರೇಗುತ್ತಿದ್ದೆ.

ಫ್ಯಾನುಗಳು ಹಳೆಯವು, ಅದಕ್ಕೇ ಇರಬೇಕು ಅಂದುಕೊಂಡು ಹೊಸ ಫ್ಯಾನು ತರೋಕೆ ಅರಸೀಕೆರೆ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಸಿಕ್ಕರು. ನನ್ನ ಮಗಳಿಗೆ ಪಾಠ ಹೇಳಿದವರು, ಈಗ ರಿಟೈರ್ ಆಗಿದ್ದಾರೆ, ಯಜಮಾನರ ಕಾಲದಿಂದ ನಮ್ಮ ಬಾರಿಗೆ ದಿನಾ ಬರುವವರು. ಯಾಕೆ ಹೊರಟೆ ಅಂತ ಕೇಳಿದರು, ಹೇಳಿದೆ. ಸ್ವಲ್ಪ ದೂರ ಕಿಟಕಿಯಿಂದ ತೆಂಗಿನ ತೋಟ ನೋಡುತ್ತಾ ಇದ್ದರು.

"ಫ್ಯಾನು ತರಬೇಡ ಕಣಮ್ಮಾ. ದುಡ್ಡು ದಂಡ."

"ಮತ್ತೇನು ಬೇಕು ಹೇಳಿ ಮೇಷ್ಟ್ರೇ, ಅದನ್ನೇ ತರ್ತೀನಿ."

"ತರೋದೇನೂ ಇಲ್ಲ. ಕೇಳೋದು ಬಿಡು. ಮೊನ್ನೆ ನಾನು ಗ್ಲಾಸು ಎತ್ತೋಕೆ ಮುಂಚೆ ನೀನು ಮನೇಲಿ ಅಕ್ಕ ಹೇಗಿದಾರೆ ಅಂದೆ. ಅವಳು ಬಂದು ನನ್ನ ಎದುರು ಕುರ್ಚೀಲಿ ಕೂತಂಗಾಯ್ತು. ಹೆಂಗಮ್ಮಾ ಕುಡಿಯೋದು? ನಾವು ಮನೆ ಮರೆಯೋಕೆ ಅಂತ ಬರ್ತೀವಿ. ನೀನು ಬಾಗಿಲಲ್ಲೇ ಮನೇನ ಕೈಗೆ ಕೊಟ್ಟು ಒಳಗೆ ಕಳಿಸ್ತೀಯ."

ನನಗೆ ಎಂಥಾ ಸಿಟ್ಟು ಬಂತು ಅಂದರೆ ಅರಸೀಕೆರೆ ಬರೋವರೆಗೂ ಅವರ ಕಡೆ ತಿರುಗಲಿಲ್ಲ. ಇಷ್ಟು ದಿನ ಬಲ್ಬು, ನಲ್ಲಿ, ಕಡ್ಲೆಬೀಜ ಅಂತ ನನ್ನನ್ನು ಕುಣಿಸಿದರಲ್ಲ ಈ ಗಂಡಸರು, ನಿನ್ನ ಬಾಯಿ ಮುಚ್ಚಮ್ಮಾ ಅಂತ ಒಬ್ಬನಿಗಾದರೂ ಹೇಳೋಕೆ ಆಗಲಿಲ್ವಾ? ಆದರೂ ಫ್ಯಾನು ತರಲಿಲ್ಲ. ಬರಿಗೈಲಿ ವಾಪಸ್ ಬಂದೆ.

ಬಾಯಿ ಮುಚ್ಚಿದೆ. ಯಾರು ಬಂದರೂ ತಲೆ ಎತ್ತಲಿಲ್ಲ. ಗುರುತಿದ್ದವರಿಗೂ ಗುರುತಿಲ್ಲದವಳ ಹಾಗೆ ಫೋನು ನೋಡುತ್ತಾ ಕೂತೆ. ಮೊದಮೊದಲು ಅವರಿಗೇ ಅನುಮಾನ, ಅಕ್ಕನಿಗೆ ಹುಷಾರಿಲ್ವಾ ಅಂತ ಸಪ್ಲೈಯರನ್ನು ಕೇಳಿದರಂತೆ. ಆಮೇಲೆ ಒಬ್ಬೊಬ್ಬರೇ ವಾಪಸ್ ಬಂದರು. ಸಂಕ್ರಾಂತಿ ಕಳೆಯೋ ಹೊತ್ತಿಗೆ ಒಳಗೆ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು. ಮೈದುನ ಒಂದು ದಿನ ಹಣಿಕಿ ನೋಡಿ, ಬಂದ ದಾರಿಯಲ್ಲೇ ಹೋದ. ಗೆದ್ದೆ ಅಂದುಕೊಂಡೆ. ಖುಷಿ ಆಗಬೇಕಿತ್ತು, ಆಗಲಿಲ್ಲ. ಮಾತು ಬೇಕು ಅಂತ ಮನೆ ಬಿಟ್ಟು ಬಂದವಳು ಇಲ್ಲೂ ಮೂಗಿಯ ಹಾಗೆ ಕೂರಬೇಕಾಯಿತು. ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿಕೊಳ್ಳುತ್ತಿದ್ದೆ. ಸುಮ್ಮಸುಮ್ಮನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ಬರುತ್ತಿದ್ದೆ.

ಕೇಳಬಾರದು ಅಂದರು, ನೋಡಬಾರದು ಅನ್ನಲಿಲ್ಲವಲ್ಲ. ಓರೆಗಣ್ಣಲ್ಲಿ ನೋಡುತ್ತಿದ್ದೆ. ಮೇಷ್ಟ್ರು ಸೊರಗುತ್ತಿದ್ದರು. ಕಣ್ಣು ಹಳದಿ, ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಹಾಸನದ ಡಾಕ್ಟ್ರು ಲಿವರ್ ಹೋಗಿದೆ, ಒಂದು ತೊಟ್ಟೂ ಮುಟ್ಟಬೇಡಿ ಅಂದಿದ್ದಾರಂತೆ ಅಂತ ಸಪ್ಲೈಯರು ಪಿಸುಗುಟ್ಟಿದ. "ಮತ್ತೆ ಯಾಕೆ ಕೊಡ್ತೀಯೋ" ಅಂದೆ. "ನಾವು ಕೊಡದಿದ್ರೆ ಹಳೇಬೀಡಿನೋರು ಕೊಡ್ತಾರೆ. ಸುಮ್ನಿರಿ ಅಮ್ಮಾ" ಅಂದ. ಸುಮ್ಮನಿದ್ದೆ. ಅವರು ಒಂದು ಕ್ವಾರ್ಟರನ್ನು ಮೆಲ್ಲಗೆ ಅರ್ಧ ಮಾತ್ರ ಕುಡಿದು, ಬಾಯಿಗೆ ಏಲಕ್ಕಿ ಹಾಕಿಕೊಂಡು, ಕತ್ತಲಾಗುವ ಮುಂಚೆ ನಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ಸಂತೆಯ ದಿನ ಅವರ ಹೆಂಡತಿ ಸಿಕ್ಕರು. ಅವರೆಕಾಯಿ ಆರಿಸುತ್ತಿದ್ದರು. ನನ್ನನ್ನು ನೋಡಿ, ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಕೇಳಿದರು. "ನಮ್ಮೋರು ನಿನ್ನ ಹತ್ರ ಬರ್ತಾರೇನಮ್ಮಾ? ಸಂಜೆ ದೇವಸ್ಥಾನದ ಕಟ್ಟೆ ಮೇಲೆ ಕೂತಿರ್ತೀನಿ ಅಂತಾರೆ."

ತಿಂಗಳುಗಟ್ಟಲೆ ಒಳಗೆ ಇಟ್ಟುಕೊಂಡಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. "ಬರ್ತಾರೆ ಅಕ್ಕ. ದಿನಾ ಬರ್ತಾರೆ. ನಿನ್ನೇನೂ ಬಂದಿದ್ರು" ಅಂದೆ. ಅವರು ಹೂಂ ಅಂದರು. ಅವರೆಕಾಯಿ ತೂಕ ಹಾಕಿಸಿಕೊಂಡು ಹೋದರು. ನನಗೆ ಎದೆ ಮೇಲಿನ ಕಲ್ಲು ಇಳಿದಷ್ಟು ಹಗುರವಾಯಿತು.

ಮೇಷ್ಟ್ರು ಬರೋದು ನಿಲ್ಲಿಸಿದರು. ಅವರ ಹಿಂದೆಯೇ ಉಳಿದವರೂ. ಸಂತೇಲಿ ನಿಂತು ಹೆಂಡ್ತೀರಿಗೆ ವರದಿ ಕೊಡ್ತಾಳೆ ಅಂತ ಊರೆಲ್ಲ ಸುದ್ದಿಯಾಗಿತ್ತು. ಹಳದಿ ಬಲ್ಬಿನ ಕೆಳಗೆ ಖಾಲಿ ಕುರ್ಚಿಗಳು. ಯುಗಾದಿಗೆ ಇನ್ನು ವಾರವೂ ಇರಲಿಲ್ಲ. ಮೈದುನ ಬಂದ, ಈ ಸಲ ಕೂತುಕೊಂಡೇ ಮಾತಾಡಿದ. "ಈಗಲಾದ್ರೂ ಏಳಿ ಅತ್ತಿಗೆ." ನಾನು ಏಳಲಿಲ್ಲ. ಹಬ್ಬ ಇನ್ನೂ ಬಂದಿಲ್ಲ ಅಂದೆ. ಒಬ್ಬರೂ ಬರದಿದ್ದರೂ ಸರಿ, ನನ್ನ ಜಾಗ ಬಿಡಲ್ಲ ಅಂತ ಹಠ ಹಿಡಿದಿದ್ದೆ. ಮೇಷ್ಟ್ರ ಜೀವ ಉಳಿಸಿದ್ದೀನಿ, ಅದಕ್ಕೆ ಇದು ಬೆಲೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅದರ ಮಾರನೇ ದಿನ, ಮಧ್ಯಾಹ್ನ ಇನ್ನೂ ಬಿಸಿಲಿರುವಾಗಲೇ, ಮೇಷ್ಟ್ರ ಹೆಂಡತಿ ಬಾರಿನ ಮೆಟ್ಟಿಲು ಹತ್ತಿ ಬಂದರು. ತಲೆ ತುಂಬ ಸೆರಗು. ಒಳಗೆ ಬಂದು ಕುರ್ಚಿ, ಟೀವಿ, ಬಲ್ಬು ಎಲ್ಲ ನೋಡಿದರು. "ಚೆನ್ನಾಗಿ ಇಟ್ಕೊಂಡಿದೀಯ" ಅಂದರು. ನನಗೆ ಒಳ್ಳೇದು ಮಾಡಿದೆ ತಾಯಿ ಅಂತ ಹೇಳೋಕೆ ಬಂದಿದ್ದಾರೆ ಅಂದುಕೊಂಡೆ. ನನ್ನ ದಡ್ಡತನಕ್ಕೆ ಏನನ್ನಬೇಕು.

"ಅವತ್ತು ಯಾಕಮ್ಮಾ ಹಂಗೆ ಹೇಳ್ದೆ?"

"ನೀವೇ ಕೇಳಿದ್ರಲ್ಲ ಅಕ್ಕ."

"ನೀನು ಇಲ್ಲ ಅಂತೀಯ ಅಂತ ಕೇಳಿದ್ದು ಕಣಮ್ಮಾ. ನಂಗೆ ಮೂಗಿಲ್ವಾ? ಎಷ್ಟು ವರ್ಷದಿಂದ ಬಾಳಿದೀನಿ, ಅವ್ರು ದೇವಸ್ಥಾನಕ್ಕೆ ಹೋಗ್ತಾರೋ ಎಲ್ಲಿಗೆ ಹೋಗ್ತಾರೋ ಗೊತ್ತಾಗಲ್ವಾ?" ಅವರ ದನಿ ಏರಲಿಲ್ಲ. "ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಗ ಅವ್ರಿಗೆ ಒಂದು ಭಯ ಇತ್ತು. ವಾಸನೆ ಬರಬಾರದು ಅಂತ ಸ್ವಲ್ಪವೇ ಕುಡೀತಿದ್ರು. ಕತ್ತಲಾಗೋಕೆ ಮುಂಚೆ ಬರ್ತಿದ್ರು. ಈಗ ನಂಗೆ ಗೊತ್ತು ಅಂತ ಅವ್ರಿಗೂ ಗೊತ್ತಾಯ್ತಲ್ಲ, ಇನ್ನೇನು ಮುಚ್ಚೋದು? ಯಾರ್‍ಯಾರ ಬೈಕ್ ಹಿಂದೆಯೋ ಕೂತ್ಕೊಂಡು ಹಳೇಬೀಡಿಗೆ ಹೋಗ್ತಾರೆ. ಬೇಕಾದಷ್ಟು ಕುಡೀತಾರೆ. ಮೊನ್ನೆ ರಸ್ತೇಲಿ ಬಿದ್ದು ಮೊಣಕೈ ಕಿತ್ಕೊಂಡು ಬಂದ್ರು. ಬಾಗಿಲಲ್ಲಿ ನಿಂತ್ಕೊಂಡು ನಿಂತ್ಕೊಂಡು ನಂಗೆ ಸಾಕಾಗಿದೆ."

ಈಗ ನಾನೇನು ಮಾಡಲಿ ಅಕ್ಕ ಅಂದೆ.

"ನೀನು ಎದ್ಬಿಡು" ಅಂದರು. "ನಿನ್ನ ಮೈದುನ ಕೂತ್ರೆ ಬರ್ತಾರಂತೆ. ಇಲ್ಲೇ ಇದ್ರೆ ನಡ್ಕೊಂಡು ಬರ್ತಾರೆ, ನಡ್ಕೊಂಡು ಹೋಗ್ತಾರೆ. ಅಷ್ಟಾದ್ರೂ ಇರ್ಲಿ."

"ನೀವು ಏನು ಕೇಳ್ತಿದೀರಿ ಗೊತ್ತಾ ಅಕ್ಕ? ನಂಗೆ ಇದೊಂದೇ ಇರೋದು" ಅಂದೆ.

"ಗೊತ್ತು ಕಣಮ್ಮಾ. ಅದಕ್ಕೇ ಯಾರನ್ನೂ ಕಳಿಸ್ದೆ ನಾನೇ ಬಂದೆ."

ಗಂಡಸರೆಲ್ಲ ಸೇರಿ ಏಳಿಸೋಕೆ ನೋಡಿದಾಗ ಏಳದವಳು ನಾನು. ಅವತ್ತು ಸಂಜೆಯೇ ಬೀಗದ ಕೈ ಮೈದುನನ ಮನೆಗೆ ತಲುಪಿಸಿದೆ. ಕೊನೆಗೂ ಬುದ್ಧಿ ಬಂತು ಅತ್ತಿಗೆಗೆ ಅಂತ ಅವನು ನಕ್ಕ.

ಈಗ ಬಾರು ತುಂಬಿರುತ್ತೆ. ನಮ್ಮ ಮನೆ ಅದೇ ರಸ್ತೆಯಲ್ಲಿ, ಕಿಟಕಿಯಿಂದ ಬಾರಿನ ಮೆಟ್ಟಿಲು ಕಾಣುತ್ತೆ. ಸಂಜೆಯಾದರೆ ಮೇಷ್ಟ್ರ ಹೆಂಡತಿಯ ಫೋನು ಬರುತ್ತೆ. "ಬಂದ್ರೇನಮ್ಮಾ?" ಬಂದ್ರು ಅಕ್ಕ ಅನ್ನುತ್ತೇನೆ. ಒಲೆ ಮೇಲೆ ಏನಾದರೂ ಇಟ್ಟಿರುತ್ತೇನೆ, ಕಿಟಕಿಗೆ ಹೋಗಿ ಬರುತ್ತೇನೆ, ಮತ್ತೆ ಹೋಗುತ್ತೇನೆ. ಮೇಷ್ಟ್ರು ಮೆಟ್ಟಿಲಿಳಿದ ಮೇಲೆ ಈ ಸಲ ನಾನು ಫೋನು ಮಾಡುತ್ತೇನೆ. ಹೊರಟ್ರು ಅಕ್ಕ.

ನಿನ್ನೆ ಇಳಿದವರು ನಾಲ್ಕು ಹೆಜ್ಜೆ ಹೋಗಿ ಲೈಟು ಕಂಬ ಹಿಡಿದುಕೊಂಡು ನಿಂತುಬಿಟ್ಟರು. ತುಂಬ ಹೊತ್ತು ನಿಂತಿದ್ದರು. ಹೊಟ್ಟೆ ಮುಂದಕ್ಕೆ ಬಂದಿತ್ತು, ತೋಳುಗಳು ಕಡ್ಡಿ. ಆಮೇಲೆ ಕಾಲೆಳೆದುಕೊಂಡು ಹೊರಟರು.

"ಹೊರಟ್ರು ಅಕ್ಕ" ಅಂದೆ.

"ಹೆಂಗೆ ನಡೀತಿದಾರೆ?" ಅಂತ ಕೇಳಿದರು. ಇದುವರೆಗೆ ಅವರು ಹಾಗೆ ಕೇಳಿರಲಿಲ್ಲ.

"ಚೆನ್ನಾಗೇ ನಡೀತಿದಾರೆ" ಅಂದೆ.

"ಸರಿ ಕಣಮ್ಮಾ" ಅಂದರು. ಆದರೆ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಇಬ್ಬರೂ ಮಾತಾಡದೆ, ಆ ಕಡೆಯಿಂದ ಅವರ ಮನೆ ಗೇಟು ಕಿರ್ರನ್ನುವ ಸದ್ದು ಕೇಳೋವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆವು.