ಎರ್ಮಾಳಿಗೆ ಸುಮ್ಮನೆ ಹೋಗಿದ್ದೆ

ಅದು ೨೦೦೫ನೇ ಇಸವಿ. ಗಂಡ ಮಸ್ಕತ್‌ನಲ್ಲಿದ್ದರು, ಮಣಿಪಾಲದ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಅವರು ಕಳುಹಿಸಿದ ಹಣದಲ್ಲಿ ಕಾಪು, ಪಡುಬಿದ್ರಿ ಕಡೆ ಸಣ್ಣಪುಟ್ಟ ಜಾಗ ಕೊಂಡು ಮಾರುತ್ತಿದ್ದೆ. ಪ್ರತಿ ಸಲ ಬ್ರೋಕರಿಗೆ ಕಮಿಷನ್ ಕೊಡುವಾಗ ಹೊಟ್ಟೆ ಉರಿಯುತ್ತಿತ್ತು. "ನೀವೇ ಬ್ರೋಕರ್ ಆಗಿ ಅತ್ತಿಗೆ. ಲೈಸನ್ಸ್ ಗೀಸನ್ಸ್ ಎಂತದೂ ಬೇಡ, ಮೊಬೈಲ್ ಉಂಟಲ್ಲ" ಎಂದ ಮೈದುನ. ಆದೆ. ವರ್ಷದೊಳಗೆ 'ಜಾಗದ ಅಕ್ಕ' ಎಂದು ಹೆಸರು ಬಿತ್ತು. ಫೋನು ದಿನವಿಡೀ ಬಡಿದುಕೊಳ್ಳುತ್ತಿತ್ತು. ಆದರೆ ಗಂಡನನ್ನು ಬಿಟ್ಟರೆ, ಊಟ ಆಯ್ತಾ ಎಂದು ಕೇಳುವವರು ಯಾರೂ ಇರಲಿಲ್ಲ.

ಒಂದು ಭಾನುವಾರ ಕೂತಲ್ಲೇ ಅಳು ಬಂತು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಕುಸುಮಾ ನೆನಪಾದಳು. ಅವಳ ಗಂಡನ ಮನೆ ಎರ್ಮಾಳಿನಲ್ಲಿ. ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡು ಸ್ಕೂಟಿಯಲ್ಲಿ ಹೊರಟೆ.

ಅಂಗಳಕ್ಕೆ ಕಾಲಿಟ್ಟದ್ದೇ ತಡ, ಅವಳ ಅತ್ತೆ ಒಳಗೆ ಕೂಗಿದರು, "ಕುಸುಮಾ, ಜಾಗದವರು ಬಂದಿದ್ದಾರೆ!" ಬೆಲ್ಲ ನೀರು ಬಂತು, ಹಿಂದೆಯೇ ಅವಳ ಗಂಡನೂ ಬಂದರು. ಕುಸುಮಾ ನನ್ನ ಕೈ ಹಿಡಿದು, "ನಾವೇ ಫೋನ್ ಮಾಡಬೇಕೂಂತ ಇದ್ದೆವು ಮಾರಾಯ್ತಿ. ಮನೆ ಹಿಂದಿನ ಜಾಗ ಮಾರಲಿಕ್ಕುಂಟು, ನೋಡು ಬಾ. ತೆಗೆದುಕೊಳ್ಳುವ ಪಾರ್ಟಿ ಯಾರು, ಬೊಂಬಾಯಿಯವರಾ?" ಎಂದಳು.

"ಪಾರ್ಟಿ ಯಾರೂ ಇಲ್ಲ. ನಿನ್ನನ್ನು ನೋಡಲು ಬಂದದ್ದು" ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿ ನಕ್ಕರು. "ಆಯ್ತು, ರೇಟು ಆಮೇಲೆ ಹೇಳು" ಎಂದಳು ಕುಸುಮಾ.

ಅವಳು ಹಿಡಿದ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಬಾವಿ, ತೆಂಗಿನಮರ, ದಾರಿಯ ಅಗಲ ಎಲ್ಲ ನೋಡಿದೆ. ನಮ್ಮ ಕನ್ನಡ ಟೀಚರ ಸುದ್ದಿ ತೆಗೆದೆ. ಅವಳು ಗಡಿಕಲ್ಲು ತೋರಿಸಿದಳು.

ಹೊರಡುವಾಗ ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ, "ನಿನ್ನ ಕಮಿಷನ್ ಬಿಡುವುದು ಬೇಡ ಆಯ್ತಾ? ಇದರಲ್ಲೆಲ್ಲ ದಾಕ್ಷಿಣ್ಯ ಬೇಡ ಅಲ್ವಾ?" ಎಂದಳು. ಮಲ್ಲಿಗೆ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನೂ ವ್ಯಾಪಾರ ಎಂದುಕೊಂಡಾಳು ಎಂಬ ಹೆದರಿಕೆಗೆ ಹೊರಗೆ ತೆಗೆಯಲೇ ಇಲ್ಲ. ಕಾಪುವಿನವರೆಗೂ ಅಳುತ್ತಲೇ ಸ್ಕೂಟಿ ಬಿಟ್ಟೆ.

ಈಗ ಬ್ರೋಕರಿಕೆಗೆ ಸರಕಾರದ ನೋಂದಣಿ ಬಂದಿದೆ. ಮೈದುನನ ಮಗನಿಗೂ ಜಾಗದ ಹುಚ್ಚು. "ನಾನೇ ಲೈಸನ್ಸ್ ಮಾಡಿಸಲಾ ದೊಡ್ಡಮ್ಮಾ?" ಎಂದು ಮೊನ್ನೆ ಕೇಳಿದ.

"ಮಾಡಿಸು, ಲಾಭ ಉಂಟು" ಎಂದೆ. "ಅದಕ್ಕೆ ಮೊದಲು ನಿನಗೆ ಬೇಕಾದವರ ಮನೆಗೆಲ್ಲ ಒಮ್ಮೆ ಸುಮ್ಮನೆ ಹೋಗಿ ಬಾ."