ಮೌಸ್ ಒರೆಸುತ್ತಿದ್ದ ಪೇಂಟರ್

ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಬೋರ್ಡ್ ಪೇಂಟರ್ ಒಬ್ಬರು, ಕಂಪ್ಯೂಟರಿನಲ್ಲಿ ಒಂದೊಂದು ಗೆರೆ ಎಳೆದಾಗಲೂ ಮೌಸನ್ನು ಪ್ಯಾಂಟಿಗೆ ಒರೆಸುತ್ತಿದ್ದರು. ಮೌಸಿಗೆ ಯಾವ ಬಣ್ಣ ಅಂಟಿರುತ್ತದೆ ಎಂದು ನನಗೆ ಒಳಗೊಳಗೇ ನಗು. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡ್ ಕೇಳುವವರಿರಲಿಲ್ಲ. ಹಾಗಾಗಿ ಶಿವಮೊಗ್ಗದ ಹೊಸಮನೆಯಲ್ಲಿ ನಾನು ಡಿಸೈನ್ ಮಾಡುತ್ತಿದ್ದ ಫ್ಲೆಕ್ಸ್ ಅಂಗಡಿಗೇ ಅವರು ಕೆಲಸ ಕಲಿಯಲು ಸೇರಿದ್ದರು.

ಪರದೆಯ ಗೆರೆ ಕಂಡರೆ ದಿನವೂ ಅದೇ ಮಾತು: "ಬಾಲ ಎಲ್ಲಿ ಮಾರಾಯ್ತಿ? ಪೈಪ್ ಇದ್ದಂಗಿದೆ."

ಬ್ರಶ್ ಎತ್ತುವಂತೆ ಮೌಸನ್ನು ಮೆಲ್ಲಗೆ ಎತ್ತಿ ನೋಡುತ್ತಿದ್ದರು. ಗೆರೆಯ ತುದಿ ಬಾಲದಂತೆ ತೆಳುವಾಗುತ್ತಿರಲಿಲ್ಲ, ಮೊಂಡಾಗಿಯೇ ನಿಲ್ಲುತ್ತಿತ್ತು.

"ಮೌಸಲ್ಲಿ ಅದಾಗಲ್ಲ ಅಣ್ಣ," ಎಂದಿದ್ದೆ ನಾನು. ಅಂಗಡಿ ಮಾಲೀಕರು ಅವರಿಗೆ, "ಈ ವಾರ ನೋಡೋಣ, ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ," ಎಂದಿದ್ದರು.

ಶನಿವಾರ ಪೇಂಟರ್ ನನ್ನನ್ನು ಕೇಳಿದರು, "ಗೆರೆ ಹಿಂದಿರೋ ಬಣ್ಣ ಇದ್ರಲ್ಲಿ ಸಿಗುತ್ತಾ?"

"ಹಿಂದೆ ಇರೋದು ಬರೀ ಬಿಳಿ. ಯಾಕಣ್ಣ?"

"ಗೋಡೆ ಮೇಲೆ ಅಕ್ಷರ ದಪ್ಪ ಆದ್ರೆ, ಗೋಡೆ ಬಣ್ಣದಲ್ಲೇ ಅಂಚು ಕೊರೀತೀವಿ."

ಬಿಳಿ ಬಣ್ಣ ಆರಿಸಿಕೊಟ್ಟೆ. ಕಪ್ಪು ಗೆರೆಯ ಎರಡೂ ಪಕ್ಕ ಬಿಳಿ ಗೆರೆ ಎಳೆದು, ಅವೆರಡನ್ನೂ ತುದಿಯಲ್ಲಿ ಕೂಡಿಸಿದರು. ನಡುವೆ ಉಳಿದ ಕಪ್ಪು ಸಣ್ಣಗಾಗುತ್ತಾ ಹೋಗಿ ಸೂಜಿಮೊನೆಯಂತೆ ಮುಗಿಯಿತು. ಹಿಂದೆ ನಿಂತು ನೋಡುತ್ತಿದ್ದ ಮಾಲೀಕರು, "ಸೋಮವಾರ ಬೇಗ ಬನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಪೇಂಟರ್ ಕುರ್ಚಿ ಬಿಟ್ಟು ಎದ್ದರು. "ಈಗ ನೀನು ಎಳಿ," ಎಂದು, ಮೌಸನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿ ನನ್ನ ಕೈಗೆ ಕೊಟ್ಟರು.