ನೂರರ ಪೆಟ್ರೋಲು, ಬಾಮೈದನ ಫ್ಲೆಕ್ಸು

ನವೆಂಬರ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಥಳ, ಮಾದನಾಯಕನಹಳ್ಳಿಯ ಪೆಟ್ರೋಲ್ ಬಂಕ್. ಹಾಜರಿದ್ದವನು ನಾನೊಬ್ಬನೇ. ಹನ್ನೊಂದಕ್ಕೆ ಸರಿಯಾಗಿ ಬನ್ನಿ ಎಂದು ನನ್ನನ್ನು ಜಾಲಹಳ್ಳಿಯಿಂದ ಕರೆಸಿದ್ದ ಬಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಹನ್ನೊಂದೂ ಕಾಲಿಗೆ ಬಂದ. ಜೊತೆಗೆ ಅವನ ಡ್ರೈವರ್, ಗದಗದ ಕಡೆಯವನು. ಅನ್ನ ಸಾಂಬಾರು ತುಂಬಿಕೊಂಡ ಪಿಕಪ್ ಗಾಡಿಯೂ ಬಂತು. ಚರ್ಚೆ ಅದರ ಬಗ್ಗೆಯೇ ಆದ್ದರಿಂದ ಅದರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ನಾನು ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವನು. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಿವೃತ್ತಿಯವರೆಗೂ ಅದೇ ನಡೆಯಿತು. ಬಾಮೈದನಿಗೆ ಗಡಿಯಾರದ ಅಗತ್ಯವೇ ಬಿದ್ದಿಲ್ಲ. ರಾಗಿ ಹೊಲದ ಮೇಲೆ ಸಾಲು ರೂಮು ಎದ್ದ ದಿನದಿಂದ ಅವನಿಗೆ ಬಾಡಿಗೆ ಬರುವ ತಾರೀಖೊಂದು ಗೊತ್ತಿದ್ದರೆ ಸಾಕು. ಅಂಥವನು ಈ ವರ್ಷ ಪೀಣ್ಯದ ಒಂದು ಕಾರ್ಖಾನೆಗೆ ಮಧ್ಯಾಹ್ನದ ಊಟ ಒದಗಿಸುವ ಕೆಲಸ ಹಿಡಿದಿದ್ದ. ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ಆ ವಾರ ಎರಡು ಸಲ ಗಂಟೆ ಹೊಡೆದಾಗ ಅನ್ನ ಇನ್ನೂ ರಸ್ತೆಯಲ್ಲಿತ್ತು. ಇನ್ನೊಂದು ಸಲ ಹೀಗಾದರೆ ಗೇಟಿನಿಂದಲೇ ವಾಪಸ್ ಹೋಗಿ, ನಾಳೆಯಿಂದ ಬರಲೂಬೇಡಿ ಎಂದು ಕಾರ್ಖಾನೆಯವರು ಹೇಳಿಬಿಟ್ಟಿದ್ದರು.

"ಏರು ಬಂತಂದ್ರ ಇಂಜಿನ್ ಕಟಕಟ ಅಂತೈತ್ರಿ ಸರ್," ಎಂದ ಡ್ರೈವರ್. "ದಮ್ಮ ಇಲ್ಲದಂಗ ಆಗತೈತಿ. ನಿಲ್ಲಿಸಿ ಆರಿಸಿಕೊಂಡ ಹೋಗಬೇಕ್ರಿ."

"ಅದ್ಕೇ ಭಾವ, ಇವತ್ತು ನೂರ್ ನಂಬರ್ ಪೆಟ್ರೋಲ್ ಆಕ್ಸೋಣ ಅಂತ," ಎಂದ ಬಾಮೈದ. "ಸಾದಾದು ಕುಡ್ದೂ ಕುಡ್ದೂ ಗಾಡಿ ಸೊರಗೋಗದೆ. ಇದನ್ನ ಆಕಿದ್ರೆ ಉಲಿ ತರ ಓಗ್ತದೆ."

ನಾನು ಗಾಡಿಯ ಜೊತೆ ಕೊಟ್ಟಿದ್ದ ಪುಸ್ತಕ ಕೇಳಿದೆ. ಡ್ಯಾಶ್‌ಬೋರ್ಡಿನಿಂದ ಅದು ಪ್ಲಾಸ್ಟಿಕ್ ಕವರಿನ ಸಮೇತ ಹೊರಬಂತು. ಕವರಿನ ಮೇಲೆ ಕುಂಕುಮವಿತ್ತು. ಪುಸ್ತಕಕ್ಕೆ ಪೂಜೆಯಾಗಿತ್ತು, ಓದುವುದಷ್ಟೇ ಬಾಕಿಯಿತ್ತು. ಗಾಡಿಯ ಮುಂಭಾಗಕ್ಕೆ ಕಟ್ಟಿದ್ದ ರಾಜ್ಯೋತ್ಸವದ ಫ್ಲೆಕ್ಸಿಗೆ ಬೆನ್ನು ಕೊಟ್ಟು ನಿಂತು ನಾನು ಪುಟ ತೆಗೆದೆ.

"ನೋಡಯ್ಯ, ಆಕ್ಟೇನ್ ಅಂದ್ರೆ ಪೆಟ್ರೋಲಿನ ತಾಕತ್ತಲ್ಲ, ತಾಳ್ಮೆ. ಇಂಜಿನ್ ಒಳಗೆ ಎಷ್ಟು ಒತ್ತಿದ್ರೂ ಕಿಡಿ ಬರೋವರೆಗೆ ತಾನಾಗಿ ಹತ್ತಿಕೊಳ್ದೆ ಕಾಯೋ ಗುಣ. ಜಾಸ್ತಿ ಒತ್ತೋ ಇಂಜಿನ್‌ಗೆ ಜಾಸ್ತಿ ನಂಬರ್ ಬೇಕು. ನಿನ್ನ ಗಾಡಿಗೆ ತೊಂಬತ್ತೊಂದು ಸಾಕು ಅಂತ ಇಲ್ಲೇ ಬರ್ದಿದ್ದಾರೆ."

"ಅಂಗಾದ್ರೆ ನೂರು ಇನ್ನೂ ಒಳ್ಳೇದೇ ಅಲ್ವಾ ಭಾವ? ಒಂಬತ್ತು ಜಾಸ್ತಿನೇ ಆಯ್ತಲ್ಲ."

"ಚಪ್ಪಲಿ ಎಂಟನೇ ನಂಬರ್ ಸರಿಹೋಗೋನು ಹತ್ತನೇದು ಹಾಕ್ಕೊಂಡ್ರೆ ಬೇಗ ನಡೀತಾನಾ?"

ಪೆಟ್ರೋಲ್ ಪೈಪು ಹಿಡಿದು ನಿಂತಿದ್ದ ಬಂಕಿನ ಹೆಂಗಸು ಹೇಳಿದಳು: "ಸಾರ್, ತಾಳ್ಮೆ ಪೆಟ್ರೋಲ್‌ಗಿದ್ರೆ ಸಾಕಾ? ಹಿಂದೆ ಕ್ಯೂ ಇದೆ. ಯಾವ್ದು ಹಾಕ್ಲಿ?"

ಬಾಮೈದ ನೂರರದ್ದನ್ನೇ ಹಾಕಿಸಿದ. ಗಾಡಿ ಅವನದು, ಹುಲಿಯೂ ಅವನದೇ.

ಇಬ್ಬರು ಕೂರುವ ಸೀಟಿನಲ್ಲಿ ಮೂವರು ಕೂತು ಹೊರಟೆವು. ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ತೆವಳಿ, ಪೀಣ್ಯದ ಒಳರಸ್ತೆಯ ಏರಿಗೆ ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಏರಿನ ಅರ್ಧಕ್ಕೆ ಹುಲಿ ಕಟಕಟ ಎಂದು ಹಲ್ಲು ಕಡಿಯತೊಡಗಿತು.

ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು.

"ಈ ಮುಳ್ಳು ಯಾವಾಗಿನಿಂದ ಇಲ್ಲಿದೆ?" ಎಂದೆ.

"ಒಂದನೇ ತಾರೀಖಿನಿಂದ ಅಲ್ಲೇ ಐತ್ರಿ. ಕೆಟ್ಟೈತಿ ಅಂತ ಬಿಟ್ಟೀನ್ರಿ."

ಒಂದನೇ ತಾರೀಖು, ಅಂದರೆ ರಾಜ್ಯೋತ್ಸವದ ದಿನ. ಗಾಡಿ ನಿಲ್ಲಿಸಲು ಹೇಳಿ, ಇಳಿದು ಮುಂದೆ ಹೋಗಿ ನೋಡಿದೆ. ಬಂಕಿನಲ್ಲಿ ನಾನು ಬೆನ್ನು ಕೊಟ್ಟು ಭಾಷಣ ಮಾಡಿದ್ದ ಅದೇ ಫ್ಲೆಕ್ಸು, ಈ ದೀಪದಿಂದ ಆ ದೀಪದವರೆಗೆ ಹಗ್ಗದಲ್ಲಿ ಬಿಗಿದಿತ್ತು. ಮೇಲಿನ ಮೂಲೆಯಲ್ಲಿ ತಾಯಿ ಭುವನೇಶ್ವರಿ ಅಂಚೆಚೀಟಿಯಷ್ಟು. ಉಳಿದ ಜಾಗವೆಲ್ಲ ಕಪ್ಪು ಕನ್ನಡಕ ಹಾಕಿ ಕೈಮುಗಿದ ನನ್ನ ಬಾಮೈದ. ಅವನ ಹಿಂದೆ, ಒಂದು ಉಸಿರು ಗಾಳಿಯೂ ಸಿಗದ ರೇಡಿಯೇಟರ್. ಅಷ್ಟು ಕಾದ ಇಂಜಿನ್ನಿನಲ್ಲಿ ಯಾವ ಪೆಟ್ರೋಲಿಗೆ ತಾನೆ ತಾಳ್ಮೆ ಉಳಿದೀತು?

"ಇದನ್ನ ಬಿಚ್ಚು," ಎಂದೆ.

"ತಿಂಗ್ಳು ಮುಗಿಯೋಗಂಟ ತೆಗೀಬಾರ್ದು ಭಾವ. ಅದ್ರಲ್ಲಿ ತಾಯಿ ಅವ್ಳೆ."

"ತಾಯಿ ಗಾಳಿಗೆ ಅಡ್ಡ ಬಂದಿಲ್ಲ ಕಣಯ್ಯ. ಅಡ್ಡ ಬಂದಿರೋದು ನಿನ್ನ ಮುಖ."

"ಹೌದ್ರಿ ಅಣ್ಣಾರ," ಎಂದ ಡ್ರೈವರ್, ನಗು ಕಾಣದಿರಲೆಂದು ಸ್ಟೇರಿಂಗ್ ಕಡೆ ತಿರುಗಿ. "ನಿಮ್ಮ ಗಲ್ಲ ಸರೀ ರೇಡಿಯೇಟರ್ ಮ್ಯಾಲ ಬಂದೈತ್ರಿ."

"ನಗು ಮಗಾ, ನಗು. ಎಲೆಕ್ಷನ್ ಬರ್ತಾ ಅದೆ. ಮುಖ ಕಾಣ್ದಿದ್ರೆ ಯಾವನ್ ಕೇಳ್ತಾನೆ ನನ್ನ?"

ಆಗ ಹಿಂದಿನಿಂದ ಸಾಂಬಾರಿನ ಘಮ ಬಂತು. ಅವನು ಒಮ್ಮೆ ಪಾತ್ರೆಗಳನ್ನು, ಒಮ್ಮೆ ಫ್ಲೆಕ್ಸಿನೊಳಗಿನ ತನ್ನನ್ನು ನೋಡಿಕೊಂಡ. ಆಮೇಲೆ ತಾನೇ ಕೂತು ಗಂಟು ಬಿಚ್ಚಿದ. ಗಾಳಿ ಒಳಹೊಕ್ಕಿತು. ಇಂಜಿನ್ ಸ್ವಲ್ಪ ಆರಿದ ಮೇಲೆ ಹೊರಟೆವು. ಮುಳ್ಳು ನಿಧಾನವಾಗಿ ಕೆಳಗಿಳಿಯಿತು, ಹಲ್ಲು ಕಡಿಯುವುದೂ ನಿಂತಿತು. ಊಟದ ಗಂಟೆ ಹೊಡೆದಾಗ ಸಾಂಬಾರು ಕ್ಯಾಂಟೀನಿನ ಮೇಜಿನ ಮೇಲಿತ್ತು.

ಗೇಟಿನ ಕಾವಲುಗಾರ, "ಇವತ್ತು ಟೈಮಿಗೆ ಬಂದ್ಬಿಟ್ರಲ್ಲ ಸಾರ್," ಎಂದ.

"ನೂರ್ ಆಕ್ಸಿದ್ದೀನಪ್ಪ," ಎಂದ ಬಾಮೈದ. "ಗಾಡಿ ಸಕ್ಕತ್ತಾಗ್ ಎಳೀತು."

ಈಗ ಕೆಲಸ ಉಳಿದಿದ್ದದ್ದು ಫ್ಲೆಕ್ಸಿನದು. ಮನೆಗೆ ಹೋದ ಕೂಡಲೇ ಅವನು ಅದನ್ನು ಮತ್ತೆ ಮುಂದಕ್ಕೇ ಕಟ್ಟುತ್ತಾನೆ, ಸೋಮವಾರ ಅನ್ನ ಮತ್ತೆ ಏರಿನಲ್ಲಿ ನಿಲ್ಲುತ್ತದೆ. ಹಿಂದಿನ ಬಾಗಿಲಿಗೆ ಕಟ್ಟಿದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ನಿನ್ನ ಮುಖ ನೋಡದೆ ಬೇರೆ ದಾರಿಯಿಲ್ಲ ಎಂದೆ. ಅವನಿಗೆ ಅದು ಬಹಳ ಹಿಡಿಸಿತು. ಖಾಲಿ ಪಾತ್ರೆಗಳನ್ನು ಏರಿಸಿ ಬಾಗಿಲು ಹಾಕಿದ ಮೇಲೆ ಬಾಗಿಲು ತೆರೆಯಲು ಅಡ್ಡವಾಗದಂತೆ ನಾನೇ ಕಟ್ಟಿದೆ, ಮೂಲೆಗೊಂದರಂತೆ, ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಹಾಕುತ್ತಿದ್ದ ಗಂಟು. ಬಾಮೈದನ ಉಗುರಿಗೆ ಅದು ಬಗ್ಗುವುದಿಲ್ಲ. ಕೊನೆಯ ಗಂಟು ಬಿಗಿದು, ಎಳೆದು ನೋಡಿ, ಕೈ ತೊಳೆದುಕೊಂಡೆ.